ಸಿಂಗಪ್ಪನ ಪಾದದ ಮುದ್ರೆ

ಬೆಳಗಿನ ಬಿಸಿಲು ಸಿಂಗರಕೋಟೆಯ ಮೇಲ್ಬಂಡೆಗಳನ್ನು ಮುಟ್ಟುವ ಹೊತ್ತಿಗೆ ಬಡಗಣ ಹೆಬ್ಬಾಗಿಲಿನ ಎದುರು ಪೇಟೆಗೆ ಪೇಟೆಯೇ ಬಂದು ನಿಂತಿತ್ತು. ಹಾಸುಬಂಡೆಗಳ ಬೆಟ್ಟವನ್ನು ಬಳಸಿ ಕಟ್ಟಿದ ಆ ದುರ್ಗದ ನಡುವೆ ಅರಮನೆ, ನೆತ್ತಿಯಲ್ಲಿ ಸಿಂಗಪ್ಪಸ್ವಾಮಿಯ ದೇಗುಲ, ಕಂದಕದಾಚೆ ಹೊಳೆಯ ದಂಡೆಯವರೆಗೆ ಚಾಚಿಕೊಂಡ ನೇಕಾರರ ಪೇಟೆ. ಅರಸರು ಉಡುವ ಪೀತಾಂಬರದಿಂದ ಹಿಡಿದು ಸ್ವಾಮಿಯ ಉತ್ಸವಕ್ಕೆ ಹೊದಿಸುವ ಶಾಲಿನವರೆಗೆ ಆ ನಾಡಿನ ಮಾನ ಮುಚ್ಚುತ್ತಿದ್ದದ್ದು ಆ ಪೇಟೆಯ ಮಗ್ಗಗಳೇ. ಬೇರೆ ದಿನವಾಗಿದ್ದರೆ ಈ ಹೊತ್ತಿಗೆ ಬಣ್ಣಗಾರರ ಕೇರಿಯಲ್ಲಿ ನೀಲಿ, ಕೆಂಪು ನೂಲಿನ ಲಡಿಗಳು ಗಳುಗಳ ಮೇಲೆ ನೀರು ಸೋರಿಸುತ್ತ ತೂಗಾಡುತ್ತಿದ್ದವು. ಇಂದು ಅವೆಲ್ಲ ಹಸಿಹಸಿಯಾಗಿಯೇ ಮೂಟೆ ಸೇರಿದ್ದರಿಂದ, ಮೂಟೆ ಹೊತ್ತ ಹೆಂಗಸರ ಬೆನ್ನಿನ ಮೇಲೆಲ್ಲ ಬಣ್ಣ ಇಳಿಯುತ್ತಿತ್ತು. ಮಗ್ಗದ ಹಲಗೆ ಹೊತ್ತ ಗಂಡಸರು, ಕಂಕುಳಲ್ಲಿ ಅಳುವ ಕೂಸುಗಳು, ಹಗ್ಗ ಜಗ್ಗುವ ಮೇಕೆಗಳು, ಬುಟ್ಟಿಯಲ್ಲಿ ಕೂರಿಸಿ ಹೊತ್ತು ತಂದ ಮುದುಕಿಯರು: ಎಲ್ಲರೂ ಒಮ್ಮೆ ಬಾಗಿಲ ಕಡೆ, ಒಮ್ಮೆ ಬೆನ್ನ ಹಿಂದೆ ಬಡಗಣ ದಿಕ್ಕಿನ ಕಡೆ ನೋಡುತ್ತಿದ್ದರು. ಅಲ್ಲಿ ದಿಗಂತದಲ್ಲಿ ಧೂಳು ಎದ್ದಿತ್ತು.

ಬಾಗಿಲು ಮಾತ್ರ ಮುಚ್ಚಿತ್ತು.

ಅದನ್ನು ತೆರೆಸುತ್ತೇನೆಂದು ಮಾತು ಕೊಟ್ಟವನು ಪ್ರಧಾನಿ ದೇಮರಸಯ್ಯ. ಹಿಂದಿನ ದಿನ, ನೆರೆಯ ಪಾಳೆಯಗಾರನ ದಂಡು ಹೊಳೆಯಾಚೆ ಬೀಡು ಬಿಟ್ಟಿದೆಯೆಂಬ ಸುದ್ದಿ ಬಂದೊಡನೆ ಅರಮನೆಯಲ್ಲಿ ಮಂತ್ರಾಲೋಚನೆ ಸೇರಿತ್ತು. ಪೇಟೆಯ ಜನರನ್ನೆಲ್ಲ ಕೋಟೆಯೊಳಕ್ಕೆ ಕರೆದುಕೊಳ್ಳಬೇಕೆಂದು ದೇಮರಸಯ್ಯ ಹೇಳಿದ. ಮುತ್ತಿಗೆ ಎಷ್ಟು ದಿನ ನಡೆಯುವುದೋ ತಿಳಿಯದಿರುವಾಗ ಅಷ್ಟೊಂದು ಹೊಟ್ಟೆಗಳನ್ನು ಒಳಗೆ ತುಂಬಿಕೊಂಡರೆ ಕಣಜ ಬರಿದಾಗಿ ದಂಡು ಉಪವಾಸ ಬೀಳುವುದೆಂದು ದಳವಾಯಿ ಕೆಂಚಣ್ಣ ನಾಯಕ ವಾದಿಸಿದ. ಕೆಂಚಣ್ಣ ನಾಯಕನೆಂದರೆ ಬರಿಯ ದಳವಾಯಿಯಲ್ಲ, ಅರಸನಿಗೆ ಸೋದರಮಾವ. ಆದರೂ ಎಳೆಯ ಅರಸ ಬೈಚರಸ ನಾಯಕ ಅಂದು ಪ್ರಧಾನಿಯ ಮಾತನ್ನೇ ಹಿಡಿದ. ದಳವಾಯಿ ನಕ್ಕು ತಲೆಬಾಗಿದ; ತುಂಬಿದ ಸಭೆಯಲ್ಲಿ ಸೋತವನು ಹಾಗೆ ನಕ್ಕರೆ ಎಚ್ಚರವಾಗಿರಬೇಕು ಎಂಬುದು ದೇಮರಸಯ್ಯನಿಗೆ ಆಗ ಹೊಳೆಯಲಿಲ್ಲ. ಅವನು ನೇರವಾಗಿ ಪೇಟೆಗೆ ಹೋಗಿ, ಕಟ್ಟೆಯ ಮೇಲೆ ನಿಂತು, ‘ಸೂರ್ಯೋದಯಕ್ಕೆ ಬಂದುಬಿಡಿ, ಬಾಗಿಲು ತೆರೆದಿರುತ್ತದೆ’ ಎಂದು ಹೇಳಿ ಬಂದಿದ್ದ.

ಬಾಗಿಲು ತೆರೆಯುವ ಅಪ್ಪಣೆಯ ನಿರೂಪ ಬರೆದು ಸಿದ್ಧವಾಗಿತ್ತು. ಅದರ ಮೇಲೆ ಮುದ್ರೆ ಬೀಳಬೇಕಿತ್ತು, ಅಷ್ಟೇ. ಆ ‘ಅಷ್ಟೇ’ ಎಂಬುದರಲ್ಲಿಯೇ ಎಲ್ಲ ಸಿಕ್ಕಿಕೊಂಡಿತ್ತು.

ಸಿಂಗರಕೋಟೆಯಲ್ಲಿ ಒಂದು ಕಟ್ಟಳೆಯಿತ್ತು. ಈ ವಂಶದ ಮೂಲಪುರುಷ ಕೋಟೆಯನ್ನು ಗೆದ್ದ ದಿನ ತನ್ನ ರಾಜಮುದ್ರೆಯನ್ನು ಸಿಂಗಪ್ಪಸ್ವಾಮಿಯ ಪಾದದಲ್ಲಿಟ್ಟು, ‘ನಾಡು ನಿನ್ನದು, ನಾನು ನಿನ್ನ ಊಳಿಗದವನು’ ಎಂದನಂತೆ. ಅಂದಿನಿಂದ ಪ್ರತಿ ಸಂಜೆ ದೀಪ ಹಚ್ಚುವ ಹೊತ್ತಿಗೆ ಮುದ್ರೆ ಗರ್ಭಗುಡಿ ಸೇರುವುದು. ಮರುದಿನ ಬೆಳಗ್ಗೆ ಮಂಗಳಾರತಿ ಮುಗಿದ ಮೇಲೆ ಅರ್ಚಕರು ಅದನ್ನು ತೀರ್ಥದೊಂದಿಗೆ ಪ್ರಧಾನಿಯ ಕೈಗೆ ಕೊಡುವುದು. ನಾಡಿನವರ ಮೇಲೆ ಅಧಿಕಾರ ನಡೆಸುವವನು ಮೊದಲು ಸ್ವಾಮಿಯ ಮುಖ ನೋಡಲಿ, ಆಮೇಲೆ ಅಪ್ಪಣೆ ಬರೆಯಲಿ ಎಂಬುದು ಅದರ ಉದ್ದೇಶ. ಉದ್ದೇಶವೇನೋ ಅಪ್ಪಟ ಚಿನ್ನ. ಅರ್ಚಕರು ಕೊಡದೆ ತಾನಾಗಿ ಮುದ್ರೆಗೆ ಕೈ ಹಾಕಿದವನು ಅಧಿಕಾರ ಕಳೆದುಕೊಳ್ಳಬೇಕು, ಬದುಕಿರುವವರೆಗೂ ದೇಗುಲದ ಮೆಟ್ಟಿಲು ಹತ್ತಬಾರದು ಎಂಬ ಶಿಕ್ಷೆಯೂ ಅದರ ಜೊತೆಗಿತ್ತು. ಇಲ್ಲಿಯವರೆಗೆ ಯಾರೂ ಕೈ ಹಾಕಿರಲಿಲ್ಲ.

ಹಿಂದಿನ ಸಂಜೆ ದೇಮರಸಯ್ಯ ಪೇಟೆಯಿಂದ ಮರಳುವಷ್ಟರಲ್ಲಿ ಮುದ್ರೆ ಆಗಲೇ ಗರ್ಭಗುಡಿ ಸೇರಿತ್ತು. ಬೇರೆ ದಿನಗಳಲ್ಲಿ ಸೂರ್ಯ ಮೂಡುವ ಹೊತ್ತಿಗೆ ಮಂಗಳಾರತಿ ಮುಗಿದಿರುತ್ತಿತ್ತು. ದೇಮರಸಯ್ಯ ತೀರ್ಥ ತೆಗೆದುಕೊಂಡು, ಶಠಾರಿಗೆ ತಲೆಯೊಡ್ಡಿ, ಮುದ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲಿಳಿಯುತ್ತಿದ್ದ. ತಲೆ ನರೆಯುವವರೆಗೆ ಒಂದು ದಿನವೂ ತಪ್ಪಿಸದೆ ಹೀಗೆ ನಡೆದುಕೊಂಡವನು ಅವನು. ಹೂವು ಏರಿಸುವಷ್ಟೇ ಶುದ್ಧವಾದ ಕೈಯಿಂದ ಅಪ್ಪಣೆಯ ಮೇಲೆ ಮುದ್ರೆ ಒತ್ತಬೇಕೆಂದು ಅವನ ತಂದೆ ಹೇಳಿಕೊಟ್ಟಿದ್ದರು. ಸ್ವಾಮಿಗೆ ತಾನು ಸಲ್ಲಿಸುವ ಪೂಜೆಯೆಂದರೆ ಅದೊಂದೇ ಎಂದು ಅವನೂ ನಂಬಿದ್ದ.

ಇಂದು ದೇಗುಲದ ಮಂಟಪಕ್ಕೆ ಬಂದಾಗ ಇನ್ನೂ ಅಭಿಷೇಕವೇ ನಡೆಯುತ್ತಿತ್ತು.

ಅರಸ ಬೈಚರಸ ನಾಯಕ ಗರ್ಭಗುಡಿಯ ಹೊಸ್ತಿಲಿನೆದುರು ಮಣೆಯ ಮೇಲೆ ಕುಳಿತಿದ್ದ. ಮುಂಗೈಯಲ್ಲಿ ಕಂಕಣ, ಮೈಮೇಲೆ ಒದ್ದೆ ವಸ್ತ್ರ, ಮುಚ್ಚಿದ ಬಾಯಿ. ವಿಜಯಕ್ಕಾಗಿ ಸಂಕಲ್ಪ ಮಾಡಿ ಮೌನ ಹಿಡಿದಿದ್ದಾರೆ, ಮಂಗಳಾರತಿಯವರೆಗೆ ಯಾರೂ ಮಾತನಾಡಿಸುವಂತಿಲ್ಲ ಎಂದು ಬಾಗಿಲಲ್ಲಿದ್ದವರು ಪಿಸುಗುಟ್ಟಿದರು. ಒಳಗೆ ಅಳಸಿಂಗ ಭಟ್ಟರು ಬಿಂದಿಗೆ ಬಿಂದಿಗೆಯಾಗಿ ಹಾಲು ಎರೆಯುತ್ತಿದ್ದರು. ಹಾಲಾದ ಮೇಲೆ ಮೊಸರು, ಮೊಸರಾದ ಮೇಲೆ ಜೇನು, ಎಳನೀರು, ಗಂಧೋದಕ. ಅಲಂಕಾರ. ತುಳಸಿಯಿಂದ ಸಹಸ್ರನಾಮ. ಅದು ಮುಗಿಯಿತು, ಇನ್ನು ಆರತಿ ಎಂದು ದೇಮರಸಯ್ಯ ಉತ್ತರೀಯವನ್ನು ಸೊಂಟಕ್ಕೆ ಕಟ್ಟಿ ಮುಂದೆ ಬಂದರೆ, ಭಟ್ಟರು ಅವನ ಮುಖ ನೋಡದೆ ಕಣಗಿಲೆ ಹೂವಿನ ಬುಟ್ಟಿಯನ್ನು ಎಳೆದುಕೊಂಡು ಮತ್ತೆ ಮೊದಲನೆಯ ನಾಮದಿಂದ ಶುರುಮಾಡಿದರು.

ಕಂಬಕ್ಕೊರಗಿ ಕಣ್ಣು ಮುಚ್ಚಿ ಕೈಮುಗಿದುಕೊಂಡಿದ್ದ ಕೆಂಚಣ್ಣ ನಾಯಕನ ಬಳಿಗೆ ಅವನು ಹೋದ.

“ದಳವಾಯಿಗಳೇ, ಈ ಎರಡನೆಯ ಅರ್ಚನೆ ಯಾರ ಅಪ್ಪಣೆ?”

ಕೆಂಚಣ್ಣ ನಾಯಕ ನಿಧಾನವಾಗಿ ಕಣ್ಣು ತೆರೆದ. “ಅಪ್ಪಣೆಯೆಲ್ಲಿಯದು ಪ್ರಧಾನಿಗಳೇ? ಹರಕೆ. ಅರಸರ ಹೆಸರಿನಲ್ಲಿ ನಾನು ಹೊತ್ತದ್ದು. ಹೂವಿನದಾದ ಮೇಲೆ ಕುಂಕುಮದ್ದು, ಆಮೇಲೆ ಮಹಾನೈವೇದ್ಯ. ಯುದ್ಧದ ದಿನ ಸ್ವಾಮಿಗೆ ಕಡಿಮೆ ಮಾಡಲಾದೀತೆ?”

“ಬಾಗಿಲ ಹೊರಗೆ ಜನ ನಿಂತಿದ್ದಾರೆ. ಅವರನ್ನು ಒಳಗೆ ಬಿಡುವುದೆಂದು ಅರಸರೇ ಒಪ್ಪಿದ್ದಾರೆ.”

“ಒಪ್ಪಿದ್ದಾರೆ, ಇಲ್ಲವೆಂದವರು ಯಾರು? ಮಂಗಳಾರತಿಯಾಗಲಿ, ಮುದ್ರೆ ತಮ್ಮ ಕೈಗೆ ಬರಲಿ, ಬಾಗಿಲು ತೆರೆಸಿ. ನನ್ನದೇನು ಅಡ್ಡಿ?” ದನಿಯಲ್ಲಿ ಜೇನು ಸುರಿಯುತ್ತಿತ್ತು. “ದೇವರ ಪೂಜೆ ಬೇಗ ಮುಗಿಯಲಿ ಎಂದು ಕಾತರಿಸುವ ಪ್ರಧಾನಿಯನ್ನು ಮಾತ್ರ ನಾನು ಇದೇ ಮೊದಲು ನೋಡುತ್ತಿದ್ದೇನೆ. ನಿಮ್ಮ ಭಕ್ತಿಗೆ ಏನಾಯಿತು, ದೇಮರಸಯ್ಯನವರೇ?”

ಸುತ್ತ ನಿಂತಿದ್ದ ಸಾಮಂತರು ತಿರುಗಿ ನೋಡಿದರು. ದೇಮರಸಯ್ಯನ ಮೈ ಉರಿದುಹೋಯಿತು. ಏನು ಹೇಳಿದರೂ ದೇವದ್ರೋಹದ ಮಾತಾಗುವಂತೆ ಬಲೆ ಹೆಣೆದಿಟ್ಟಿದ್ದ ಈ ಮನುಷ್ಯ. ಸಭೆಯಲ್ಲಿ ಸೋತದ್ದನ್ನು ಗುಡಿಯಲ್ಲಿ ಗೆಲ್ಲುತ್ತಿದ್ದ. ಜನ ಹೊರಗೇ ಉಳಿದರೆ ಕಣಜ ಉಳಿಯಿತು. ಪ್ರಧಾನಿಯ ಮಾತು ಪೇಟೆಯವರ ಎದುರು ಮಣ್ಣುಪಾಲಾಯಿತು. ಇಷ್ಟಾಗಿಯೂ ದಳವಾಯಿಯ ಹಣೆಯ ಮೇಲೆ ಇರುವುದು ಸ್ವಾಮಿಯ ಗಂಧ. ಇಂಥವರೊಡನೆ ಜಗಳವಾಡುವುದಾದರೂ ಹೇಗೆ?

ಅವನು ಹಲ್ಲು ಕಚ್ಚಿಕೊಂಡು ಮೆಟ್ಟಿಲಿಳಿದು ಹೆಬ್ಬಾಗಿಲಿಗೆ ಓಡಿದ. ಪ್ರಧಾನಿಯಾದವನು ಬೀದಿಯಲ್ಲಿ ಓಡುವುದನ್ನು ಕೋಟೆಯ ಜನ ಅಂದು ಮೊದಲು ಕಂಡರು.

ಬಾಗಿಲ ಕಾವಲಿನ ಗುರಿಕಾರ ಜಕ್ಕಣ್ಣ ಅಗಳಿಗೆ ಬೆನ್ನುಕೊಟ್ಟು ನಿಂತಿದ್ದ. ಪ್ರಧಾನಿಯ ಬರಿಗೈ ನೋಡಿದೊಡನೆ ಅವನ ಮುಖ ಇಳಿದುಹೋಯಿತು.

“ಜಕ್ಕಣ್ಣ, ನಿರೂಪ ಇಲ್ಲಿದೆ. ನನ್ನ ಕೈಬರಹ, ನಿನಗೆ ಗೊತ್ತು. ಮುದ್ರೆ ಆಮೇಲೆ ಬೀಳುತ್ತದೆ. ಬಾಗಿಲು ತೆಗೆ.”

“ಬುದ್ಧೀ, ಹಂಗನ್ನಬ್ಯಾಡಿ.” ಜಕ್ಕಣ್ಣ ಕೈಮುಗಿದ. “ಮುದ್ರೆ ಇಲ್ದೆ ತೆಗೆಯಾಕಿಲ್ಲ ಅಂತ ನಮ್ಮನ್ನೆಲ್ಲ ಸ್ವಾಮಿ ಮುಂದೆ ಆಣೆ ಮಾಡಿಸಿದೋರು ಯಾರು? ತಾವೇ ಅಲ್ವಾ? ಪ್ರಧಾನಿ ಬಾಯಿಮಾತ್ಗೂ ಇಲ್ಲ, ಅರಸ್ರ ಬಾಯಿಮಾತ್ಗೂ ಇಲ್ಲ ಅಂತ ತಾವೇ ಹೇಳ್ಕೊಟ್ರಿ.”

ನಿಜ. ಕೆಲವು ವರ್ಷಗಳ ಹಿಂದೆ ಯಾವನೋ ಒಬ್ಬ ಅರಮನೆಯ ಮಾತು ಎಂದು ಹೇಳಿ ಬಾಗಿಲು ತೆಗೆಸಿಕೊಂಡು, ಸೆರೆಯಲ್ಲಿದ್ದ ಬೇಹುಗಾರನನ್ನು ಪಾರು ಮಾಡಿಸಿದ್ದ. ಅಂದಿನಿಂದ ಈ ಆಣೆ. ಅದನ್ನು ಬರೆದದ್ದು ದೇಮರಸಯ್ಯ, ಓದಿ ಹೇಳಿದ್ದು ದೇಮರಸಯ್ಯ, ಎಂಥ ಭದ್ರವಾದ ಏರ್ಪಾಡು ಮಾಡಿದೆನೆಂದು ಅಂದು ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಿದವನೂ ಅವನೇ. ತಾನು ಕಟ್ಟಿದ ಬೇಲಿಯೊಳಗೆ ತಾನೇ ಸಿಕ್ಕಿ ಒದ್ದಾಡುವ ಹಣೆಬರಹ ಅವನದಾಗಿತ್ತು.

“ಮೀರಿ ತೆಗೆದರೆ ಶಿಕ್ಷೆ ನನಗೆ ಬರಲಿ,” ಎಂದ.

“ಶಿಕ್ಷೆಗೆ ಹೆದರಾಕಿಲ್ಲ ಬುದ್ಧೀ. ನನ್ನ ತಂಗಿ, ಅವಳ ಮಕ್ಕಳು ಆ ಗುಂಪಲ್ಲೇ ಅವ್ರೆ.” ಜಕ್ಕಣ್ಣನ ಕಣ್ಣಲ್ಲಿ ನೀರು ತುಂಬಿತು. “ಸ್ವಾಮಿ ಮೇಲೆ ಮಾಡಿದ ಆಣೆ. ಅದನ್ನ ಮುರಿದ ಕೈಯಿಂದ ನಾಳೆ ಈ ಬಾಗ್ಲು ಹೆಂಗೆ ಕಾಯ್ಲಿ ಹೇಳಿ?”

ಇಂಥ ನಂಬಿಗಸ್ತನನ್ನು ಬೈಯುವುದು ಹೇಗೆ? ದೇಮರಸಯ್ಯ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಬಾಗಿಲಿನಲ್ಲಿದ್ದ ನೋಡುಗಿಂಡಿಗೆ ಅವನು ಮುಖವಿಟ್ಟ. ಆಚೆಯಿಂದ ಬೊಮ್ಮವ್ವ ಕಾಣಿಸಿದಳು. ನೇಕಾರರ ಕೇರಿಯ ಯಜಮಾನಿಕೆಯನ್ನು ಗಂಡ ಸತ್ತ ಮೇಲೆ ತಾನೇ ಹೊತ್ತು ನಡೆಸುತ್ತಿದ್ದ, ಅರಮನೆಯ ಚಾವಡಿಯಲ್ಲೂ ದನಿ ತಗ್ಗಿಸದ ಹೆಂಗಸು. ಅವಳ ಪಕ್ಕದಲ್ಲಿ ಮಗ್ಗದ ದಪ್ಪ ತೊಲೆಯೊಂದನ್ನು ಹೆಗಲ ಮೇಲಿಟ್ಟುಕೊಂಡು ಅವಳ ಅಣ್ಣ ಚೆನ್ನಮಲ್ಲ ನಿಂತಿದ್ದ.

“ಪ್ರಧಾನಪ್ಪೋರೇ, ಹೊತ್ತು ಹುಟ್ಟಿ ಎಷ್ಟೊತ್ತಾಯ್ತು? ನಿನ್ನೆ ಕಟ್ಟೆ ಮ್ಯಾಲೆ ನಿಂತ್ಕಂಡು ಏನಂದ್ರಿ?”

“ಮಂಗಳಾರತಿ ಇನ್ನೂ ಆಗಿಲ್ಲ, ತಾಯಿ. ಮುದ್ರೆ ಬರಬೇಕು.”

“ಮಂಗ್ಳಾರ್ತಿನಾ?” ಬೊಮ್ಮವ್ವ ಹಿಂದೆ ತಿರುಗಿ ಧೂಳನ್ನೊಮ್ಮೆ ನೋಡಿ ಮತ್ತೆ ಕಿಂಡಿಗೆ ಬಂದಳು. “ಸ್ವಾಮಿ ಉಟ್ಟಿರೋ ಪಂಚೆ ನಾನು ನೆಯ್ದದ್ದು ಕಣಪ್ಪ. ನಮ್ಮನ್ನ ಸಾಯಿಸಿ ಮಾಡೋ ಆರ್ತಿ ಅವನ್ಗೆ ಬ್ಯಾಡ ಅಂತ ಹೋಗಿ ಹೇಳು. ಹೇಳೋ ಧೈರ್ಯ ಇಲ್ಲಾಂದ್ರೆ ಇಲ್ಲಿಂದ ಮಕ ತೆಗಿ. ನಾವು ಹೊಳೆಗಾದ್ರೂ ಹಾರ್ಕತೀವಿ.”

ಚೆನ್ನಮಲ್ಲ ತಂಗಿಯ ಭುಜ ಮುಟ್ಟಿ, “ಸುಮ್ಕಿರವ್ವ. ಅವ್ರು ಮಾತ್ಗೆ ತಪ್ಪೋರಲ್ಲ,” ಎಂದ. ಅವಳ ಬೈಗುಳಕ್ಕಿಂತ ಅವನ ಆ ನಂಬಿಕೆಯೇ ದೇಮರಸಯ್ಯನನ್ನು ಹೆಚ್ಚು ಇರಿಯಿತು.

ಮರಳಿ ಬೆಟ್ಟ ಹತ್ತುವಾಗ ಬುರುಜಿನ ಮೇಲಿನಿಂದ ಕಹಳೆ ಕೂಗಿತು. ಶತ್ರುವಿನ ಕುದುರೆಗಳು ಹೊಳೆ ದಾಟುತ್ತಿವೆ ಎಂಬ ಸೂಚನೆ ಅದು. ಅವನಿಗೆ ಸಿಟ್ಟು ಬಂದದ್ದು ದಳವಾಯಿಯ ಮೇಲೆ ಮಾತ್ರವಲ್ಲ. ಮೌನ ಹಿಡಿದು ಕುಳಿತ ಅರಸನ ಮೇಲೆ, ಹೂವಿನ ಮೇಲೆ ಹೂವು ಸುರಿಯುತ್ತಿರುವ ಭಟ್ಟರ ಮೇಲೆ, ನಿಯಮಗಳನ್ನು ಕಟ್ಟುತ್ತ ಕಟ್ಟುತ್ತ ಮುದುಕನಾದ ತನ್ನ ಮೇಲೆ, ಕೊನೆಗೆ, ಬಾಯಿ ಬಿಟ್ಟು ಹೇಳುವುದೇ ಆದರೆ, ಕಂಬದಂತೆ ಸುಮ್ಮನೆ ನಿಂತ ಆ ಸಿಂಗಪ್ಪನ ಮೇಲೂ ಅವನಿಗೆ ಸಿಟ್ಟು ಬಂದಿತ್ತು. ‘ನಿನ್ನ ಊಳಿಗ ಎಂದುಕೊಂಡೇ ಇಷ್ಟು ವರ್ಷ ದುಡಿದೆ. ಇಂದು ದುಡಿಯಬೇಕಾದ ಗಳಿಗೆಯಲ್ಲಿ ನಿನ್ನ ಪೂಜೆಯೇ ನನ್ನ ಕೈ ಕಟ್ಟುತ್ತಿದೆಯಲ್ಲ, ಇದೆಂಥ ನ್ಯಾಯ?’

ಮಂಟಪದಲ್ಲಿ ಏನೂ ಬದಲಾಗಿರಲಿಲ್ಲ. ಹೂವಿನ ಅರ್ಚನೆ ಮುಗಿದು ಕುಂಕುಮದ ಬಟ್ಟಲು ಬಂದಿತ್ತು. ಅಳಸಿಂಗ ಭಟ್ಟರ ದನಿ ಒಡೆದು ಹೋಗಿತ್ತು. ಕುಂಕುಮ ಪೀಠದ ಮೇಲೆಲ್ಲ ಚೆಲ್ಲುತ್ತಿತ್ತು. ದೇಮರಸಯ್ಯ ಅರಸನ ಎದುರು ಮಂಡಿಯೂರಿದ.

“ಪ್ರಭು, ಕಹಳೆ ಕೇಳಿಸಿತೆ? ಕುದುರೆಗಳು ಹೊಳೆಗಿಳಿದಿವೆ. ಮಾತನಾಡಬೇಕಾಗಿಲ್ಲ. ಭಟ್ಟರ ಕಡೆ ಒಮ್ಮೆ ಕೈ ತೋರಿಸಿ, ಆರತಿ ಎತ್ತುತ್ತಾರೆ.”

ಬೈಚರಸ ನಾಯಕನ ಕಣ್ಣು ಅರಳಿತು. ಕಂಕಣ ಕಟ್ಟಿದ ಕೈ ಮಣೆಯಿಂದ ಸ್ವಲ್ಪ ಮೇಲೆದ್ದಿತು. ಅಷ್ಟರಲ್ಲಿ ಹಿಂದಿನಿಂದ ಕೆಂಚಣ್ಣ ನಾಯಕನ ದನಿ ಕೇಳಿತು: “ಸಂಕಲ್ಪ ಕೆಟ್ಟರೆ ಸೋಲು ಖಂಡಿತ, ಅಪ್ಪಾ. ನಿನ್ನ ತಾಯಿಯ ಮೇಲಾಣೆ, ಕದಲಬೇಡ.” ಕೈ ಮತ್ತೆ ಮಣೆಯ ಮೇಲೆ ಇಳಿಯಿತು. ಅರಸ ಕಣ್ಣು ಮುಚ್ಚಿಕೊಂಡ.

ದೇಮರಸಯ್ಯ ಎದ್ದು ನಿಂತ. ಒಳಗೆ, ದೀಪದ ಬೆಳಕಿನಲ್ಲಿ, ಸಿಂಗಪ್ಪಸ್ವಾಮಿ ಬೊಮ್ಮವ್ವ ನೆಯ್ದ ಪಂಚೆ ಉಟ್ಟುಕೊಂಡು ನಿಂತಿದ್ದ. ಪಾದದ ಬಳಿ ಹೂವಿನ ರಾಶಿಯೊಳಗೆ ಮುದ್ರೆಯ ಹಿಡಿ ಮಾತ್ರ ಕಾಣುತ್ತಿತ್ತು. ಗರ್ಭಗುಡಿಯ ಹೊಸ್ತಿಲನ್ನು ಅರ್ಚಕರಲ್ಲದೆ ಬೇರೆ ಯಾರೂ ದಾಟುವಂತಿರಲಿಲ್ಲ. ದಾಟಿದರೆ ನಾಳೆ ಈ ಮುಖವನ್ನು ನೋಡುವಂತಿಲ್ಲ, ನಾಡಿದ್ದೂ ಇಲ್ಲ, ಸಾಯುವ ದಿನವೂ ಇಲ್ಲ. ಚಿಕ್ಕ ಕೂಸಾಗಿದ್ದಾಗ ತಂದೆ ಹೆಗಲ ಮೇಲೆ ಕೂರಿಸಿಕೊಂಡು ತೋರಿಸಿದ ಮುಖ ಅದು. ಅವನು ಅದನ್ನು ಒಂದು ಸಲ ಚೆನ್ನಾಗಿ ನೋಡಿಕೊಂಡು, ಹೊಸ್ತಿಲು ದಾಟಿ, ಹೂವನ್ನು ಸರಿಸಿ, ಮುದ್ರೆಯನ್ನು ಎತ್ತಿಕೊಂಡ.

ಮಂತ್ರ ನಿಂತಿತು. ಅಳಸಿಂಗ ಭಟ್ಟರು ಕುಂಕುಮದ ಕೈಯನ್ನು ಗಾಳಿಯಲ್ಲಿ ಹಿಡಿದು ಕಲ್ಲಾದರು.

“ಹಿಡಿಯಿರಿ ಅವನನ್ನು!” ಕೆಂಚಣ್ಣ ನಾಯಕ ಕಿರುಚಿದ. “ದೇವರ ಪಾದಕ್ಕೆ ಕೈ ಹಾಕಿದ ಪಾಪಿ!”

ಕಾವಲಿನವರು ಮುಂದೆ ಬಂದು ಹಾಗೆಯೇ ನಿಂತರು. ಮುದ್ರೆ ಹಿಡಿದ ಕೈಯನ್ನು ಮುಟ್ಟುವ ಧೈರ್ಯ ಅವರಿಗೆ ಬರಲಿಲ್ಲ.

“ಹಾಕಿದ್ದೇನೆ,” ಎಂದ ದೇಮರಸಯ್ಯ. “ಶಿಕ್ಷೆ ಏನೆಂದು ನನಗೆ ಗೊತ್ತು, ಅನುಭವಿಸುತ್ತೇನೆ. ಈ ನಾಡು ತನ್ನದೆಂದು ಈ ಸ್ವಾಮಿ ಹೇಳಿಕೊಳ್ಳುವುದಾದರೆ ಬಾಗಿಲಾಚೆ ನಿಂತಿರುವವರೂ ಅವನವರೇ. ಅವರನ್ನು ಕುದುರೆಯ ಗೊರಸಿಗೆ ಕೊಟ್ಟು ನಾನು ಇಲ್ಲಿ ತೀರ್ಥ ಕುಡಿಯಲಾರೆ. ದಾರಿ ಬಿಡಿ.”

ದಾರಿ ಬಿಟ್ಟರು. ಮಂಟಪದ ಮೆಟ್ಟಿಲ ಮೇಲೆಯೇ ನಿರೂಪವನ್ನು ಹರಡಿ, ಮಸಿ ಸವರಿ, ಮುದ್ರೆಯೊತ್ತಿದ. ಗುರುತು ಸ್ವಲ್ಪ ಓರೆಯಾಗಿ ಬಿತ್ತು. ಬೇರೆ ದಿನವಾಗಿದ್ದರೆ ಹರಿದು ಹಾಕಿ ಬೇರೆ ಬರೆಸುತ್ತಿದ್ದ.

ಜಕ್ಕಣ್ಣ ಗುರುತು ನೋಡಿದ್ದೇ ತಡ, ಅಗಳಿ ಸರಿಯಿತು. ಹೆಬ್ಬಾಗಿಲು ನರಳುತ್ತ ತೆರೆದುಕೊಂಡಿತು. ಕಟ್ಟೆಯೊಡೆದ ನೀರಿನಂತೆ ಜನ ನುಗ್ಗಿದರು. ಕೂಗು, ಅಳು, ಮೇಕೆಗಳ ಅರಚಾಟ, ಹೆಸರು ಹಿಡಿದು ಕರೆಯುವವರ ಗದ್ದಲ. ದೇಮರಸಯ್ಯ ಬಾಗಿಲ ನಡುವೆ ನಿಂತು ಮುದುಕರ ಕೈ ಹಿಡಿದು ಒಳಗೆಳೆದುಕೊಳ್ಳುತ್ತಿದ್ದ. ಮುಂದಿದ್ದವರು ಒಳಬಂದರು, ನಡುವಿದ್ದವರು ಬಂದರು. ಬಣ್ಣಗಾರರ ಕೇರಿಯವರು ಹಿಂದೆ ಉಳಿದಿದ್ದರು. ಅವರು ಕಂದಕದ ಸೇತುವೆಗೆ ಕಾಲಿಟ್ಟಾಗ ಮೊದಲ ಕುದುರೆಗಳು ಪೇಟೆಯ ಬೀದಿಯ ತುದಿಯಲ್ಲಿ ಕಾಣಿಸಿಕೊಂಡವು.

ಚೆನ್ನಮಲ್ಲ ಒಳಗೆ ಬರಲಿಲ್ಲ. ತಂಗಿಯನ್ನು ಬಾಗಿಲೊಳಕ್ಕೆ ನೂಕಿ, ಹಿಂದಿರುಗಿ ಸೇತುವೆಯ ಆಚೆ ತುದಿಗೆ ಹೋಗಿ, ಮಗ್ಗದ ತೊಲೆಯನ್ನು ಅಡ್ಡ ಹಿಡಿದು ನಿಂತುಬಿಟ್ಟ. ಅವನ ಜೊತೆಗೆ ಇನ್ನೂ ಕೆಲವರು ನಿಂತರು. ಕಿರಿದಾದ ಸೇತುವೆ; ಮುಂದಿನ ಕುದುರೆ ಮುಗ್ಗರಿಸಿದೊಡನೆ ಹಿಂದಿನವು ತಡೆದವು. ಆ ತಡೆಯಲ್ಲಿ ಬಣ್ಣಗಾರರ ಕೊನೆಯ ಹೆಂಗಸೂ ಒಳಗೆ ಬಂದಳು. ಸೇತುವೆಯ ಮೇಲಿದ್ದವರು ಬರಲಿಲ್ಲ. “ಮುಚ್ಚಿ!” ಎಂದು ಚೆನ್ನಮಲ್ಲನೇ ಕೂಗಿದ. ಜಕ್ಕಣ್ಣ ಪ್ರಧಾನಿಯ ಮುಖ ನೋಡಿದ. ದೇಮರಸಯ್ಯ ತಲೆಯಾಡಿಸಿದ. ಬಾಗಿಲು ಮುಚ್ಚಿತು. ಬೊಮ್ಮವ್ವ ಅದಕ್ಕೆ ಹಣೆಯಿಟ್ಟು ನಿಂತಳು; ಅಳಲಿಲ್ಲ.

ದಂಡು ಕೋಟೆಯನ್ನು ಮುತ್ತಿ ಕೆಲವು ದಿನ ಗೋಡೆಯ ಕೆಳಗೆ ಒದ್ದಾಡಿತು. ಒಳಗೆ ಬಂದ ನೇಕಾರರು ಬುರುಜುಗಳಿಗೆ ಕಲ್ಲು ಹೊತ್ತರು, ಕವಣೆ ಬೀಸಿದರು, ಗಾಯಾಳುಗಳಿಗೆ ಹೊಸ ಬಟ್ಟೆ ಹರಿದು ಪಟ್ಟಿ ಕಟ್ಟಿದರು. ಕಣಜವೂ ಬರಿದಾಗಲಿಲ್ಲ. ಕೊನೆಗೆ ಶತ್ರು ಪೇಟೆಯನ್ನು ಸುಟ್ಟು, ತನ್ನ ದಾರಿ ಹಿಡಿದು ಹೋದ. ಮುತ್ತಿಗೆ ತೆರವಾಗಿ ಬಾಗಿಲು ತೆರೆದ ಮರುದಿನವೇ ಅರಮನೆಯ ಚಾವಡಿಯಲ್ಲಿ ವಿಚಾರಣೆ ಸೇರಿತು.

ಆರೋಪ ಓದಿದವನು ಕೆಂಚಣ್ಣ ನಾಯಕ. ಪ್ರಧಾನಿ ಸ್ವಹಸ್ತದಿಂದ ಸ್ವಾಮಿಯ ಪಾದದ ಮುದ್ರೆಯನ್ನು ಅಪಹರಿಸಿ, ಅರಸರ ಸಂಕಲ್ಪವನ್ನು ಕೆಡಿಸಿ, ಶತ್ರು ಎದುರಿರುವಾಗ ಬಾಗಿಲು ತೆರೆಸಿ ದುರ್ಗವನ್ನು ಅಪಾಯಕ್ಕೊಡ್ಡಿದನೆಂದು ಒಂದೊಂದೇ ಮಾತನ್ನು ರಾಗವಾಗಿ ಹೇಳಿದ. ಬೈಚರಸ ನಾಯಕ ಆಸನದ ತುದಿಯಲ್ಲಿ ಕುಳಿತಿದ್ದ. ಅವನ ಕಣ್ಣಡಿ ಕಪ್ಪಾಗಿತ್ತು.

“ಅಳಸಿಂಗ ಭಟ್ಟರೇ,” ಎಂದ ಅರಸ, “ಮುದ್ರೆಯನ್ನು ನೀವು ಕೊಟ್ಟಿರೋ, ಅವರೇ ಎತ್ತಿಕೊಂಡರೋ?”

ಭಟ್ಟರು ಎದ್ದು ನಿಂತರು. ದಳವಾಯಿಯ ಕಡೆ ನೋಡಲಿಲ್ಲ. “ನಾನು ಕೊಟ್ಟೆ, ಪ್ರಭು. ಕಣ್ಣಿನಿಂದ ಸನ್ನೆ ಮಾಡಿದೆ. ಅವರು ತೆಗೆದುಕೊಂಡರು.”

ಸಭೆಯಲ್ಲಿ ನಿಟ್ಟುಸಿರು ಹಬ್ಬಿತು. ಅರಸನ ಮುಖ ಅರಳಿತು. ಎಲ್ಲರಿಗೂ ಬೇಕಾಗಿದ್ದ ಸುಳ್ಳು ಅದು. ಒಪ್ಪಿಕೊಂಡರೆ ಮನೆಗೆ ಹೋಗಬಹುದಿತ್ತು.

“ಇಲ್ಲ,” ಎಂದ ದೇಮರಸಯ್ಯ, ಬೇಸರದಿಂದ. “ಭಟ್ಟರೇ, ನಿಮ್ಮ ಕರುಣೆಗೆ ನಮಸ್ಕಾರ. ನೀವು ಕೊಡಲಿಲ್ಲ, ನಾನೇ ಎತ್ತಿದೆ. ನೀವು ಇಂದು ಇದನ್ನು ಮುಚ್ಚಿದರೆ ನಾಳೆ ಇನ್ನೊಬ್ಬ ಕಳ್ಳ ಎತ್ತಿಕೊಂಡು ಭಟ್ಟರು ಸನ್ನೆ ಮಾಡಿದರು ಎನ್ನುತ್ತಾನೆ. ನಿಮಗೆ ನಿಜ ಹೇಳುವ ಮನಸ್ಸಿದ್ದರೆ ಬೇರೆ ಒಂದನ್ನು ಹೇಳಿ. ಆ ದಿನ ಅರ್ಚನೆಯ ಮೇಲೆ ಅರ್ಚನೆ ಏಕೆ ಮಾಡಿದಿರಿ?”

ಭಟ್ಟರು ಅರಸನಿಗೆ ಕೈಮುಗಿದರು. “ದಳವಾಯಿಗಳು ಹೇಳಿ ಕಳಿಸಿದ್ದರು. ಕುದುರೆಗಳು ಪೇಟೆ ಸೇರುವವರೆಗೆ ಆರತಿ ಎತ್ತಬಾರದು ಎಂದು. ಎತ್ತಿದರೆ ನನ್ನ ಮಗನ ಅರ್ಚಕತನ ಹೋಗುತ್ತದೆ ಎಂದರು. ಹೆದರಿದೆ, ಪ್ರಭು. ಸ್ವಾಮಿಯ ನಾಮಗಳನ್ನು ಹೊತ್ತು ಕಳೆಯುವುದಕ್ಕೆ ಬಳಸಿದೆ. ಶಿಕ್ಷೆಯಾಗಬೇಕಾದವನು ನಾನು.”

ಕೆಂಚಣ್ಣ ನಾಯಕ ನಗಲು ನೋಡಿದ. ಯಾರೂ ಜೊತೆಗೂಡಲಿಲ್ಲ. ಬೈಚರಸ ನಾಯಕ ಆಸನದಿಂದ ಇಳಿದು ಬಂದು ಮಾವನ ಸೊಂಟದ ಪಟ್ಟಾಕತ್ತಿಯನ್ನು ತನ್ನ ಕೈಯಾರೆ ಬಿಚ್ಚಿ ತೆಗೆದುಕೊಂಡ. “ನನ್ನ ತಾಯಿಯ ಮೇಲೆ ಆಣೆಯಿಟ್ಟಿರಿ, ಮಾವ,” ಎಂದ. “ನಾಳೆ ಬೆಳಗಾಗುವಷ್ಟರಲ್ಲಿ ನಮ್ಮ ಗಡಿ ದಾಟಿರಬೇಕು.” ಇಷ್ಟು ಹೇಳುವುದರಲ್ಲಿ ಅವನು ಬೆವತುಹೋಗಿದ್ದ. ಕಾವಲಿನವರು ಕೆಂಚಣ್ಣ ನಾಯಕನನ್ನು ಹೊರಗೆ ಕರೆದೊಯ್ದರು.

ಆಮೇಲೆ ಅರಸ ದೇಮರಸಯ್ಯನ ಮುಂದೆ ನಿಂತ. “ಅಂದು ನಾನು ಕೈ ಎತ್ತಿದ್ದರೆ ಸಾಕಾಗಿತ್ತು. ದೇವರು ಮುನಿದಾನೆಂದು ಎತ್ತಲಿಲ್ಲ. ಅಯ್ಯನವರೇ, ತಪ್ಪು ನನ್ನದು. ಆ ಶಿಕ್ಷೆಯನ್ನು ನಾನು ವಿಧಿಸಲಾರೆ. ಕಟ್ಟಳೆಯನ್ನೇ ಅಳಿಸಿಹಾಕುತ್ತೇನೆ.”

“ಅಳಿಸಬೇಡಿ, ಪ್ರಭು. ತಿದ್ದಿ. ಇನ್ನು ಮೇಲೆ ಸೂರ್ಯೋದಯಕ್ಕೆ ಮೊದಲು ಆರತಿಯಾಗಿ ಮುದ್ರೆ ಹೊರಗೆ ಬರಲಿ. ಹರಕೆ, ಅರ್ಚನೆಗಳನ್ನು ಆಮೇಲೆ ಎಷ್ಟು ಬೇಕಾದರೂ ಮಾಡಿಕೊಳ್ಳಲಿ. ನನ್ನ ಶಿಕ್ಷೆ ಮಾತ್ರ ಇರಲಿ. ನನಗೊಬ್ಬನಿಗೆ ಮಾಫಿ ಮಾಡಿದರೆ ಆ ಕಟ್ಟಳೆಗೆ ಮುಂದೆ ಯಾರೂ ಬೆಲೆ ಕೊಡುವುದಿಲ್ಲ.” ಅವನ ದನಿ ಗಟ್ಟಿಯಾಯಿತು. “ಇನ್ನೊಂದು ಮಾತು. ಮುದ್ರೆ ಎತ್ತಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ತಡವಾಗಿ ಎತ್ತಿದೆನಲ್ಲ, ಅದಕ್ಕಿದೆ. ಭಟ್ಟರು ಹೂವಿನ ಬುಟ್ಟಿ ಎಳೆದುಕೊಂಡಾಗಲೇ ನಾನು ಎತ್ತಿದ್ದರೆ ಸೇತುವೆಯ ಮೇಲೆ ಯಾರೂ ಸಾಯುತ್ತಿರಲಿಲ್ಲ. ನನ್ನ ಒಂದು ದರ್ಶನದ ಆಸೆಗೆ ನಾನೂ ಹೊತ್ತು ಕಳೆದೆ. ಆ ತಪ್ಪಿಗೆ ನಿಮ್ಮಲ್ಲಿ ಶಿಕ್ಷೆಯಿಲ್ಲ.”

ಬೈಚರಸ ನಾಯಕ ಅಳುತ್ತಲೇ ತೀರ್ಪು ಹೇಳಿದ.

ದೇಮರಸಯ್ಯ ಅಂದೇ ಅಧಿಕಾರದ ಉಂಗುರ ಬಿಚ್ಚಿಟ್ಟು, ಬೆಟ್ಟದ ಮೇಲಿನ ಮನೆ ಬಿಟ್ಟು ಕೆಳಗಿಳಿದ. ಸುಟ್ಟ ಪೇಟೆಯನ್ನು ಮತ್ತೆ ಕಟ್ಟಿಸಲು ಅರಮನೆಯಿಂದ ಮರಮುಟ್ಟು ಬರುತ್ತಿತ್ತು. ಅದನ್ನು ಕೇರಿ ಕೇರಿಗೆ ಹಂಚುವ ಕೆಲಸಕ್ಕೆ ಯಾವ ಹುದ್ದೆಯೂ ಬೇಕಿರಲಿಲ್ಲ, ಅವನು ಹೋಗಿ ನಿಂತುಬಿಟ್ಟ. ಜನ ಮೊದಮೊದಲು ಸಂಕೋಚಪಟ್ಟರು. ಆಮೇಲೆ ತೊಲೆ ಸೊಟ್ಟಗಿದೆ, ಪಕ್ಕದವನಿಗೆ ಉದ್ದದ್ದು ಕೊಟ್ಟಿರಿ ಎಂದು ಅವನೊಡನೆ ಜಗಳವಾಡತೊಡಗಿದರು. ಅವನೂ ಗದರುತ್ತಿದ್ದ. ಶಾಂತಮೂರ್ತಿಯೇನೂ ಆಗಿರಲಿಲ್ಲ, ಮುಂಚಿಗಿಂತ ಸಿಡುಕು ಹೆಚ್ಚಾಗಿತ್ತು.

ಒಂದು ಬೆಳಗ್ಗೆ, ಇನ್ನೂ ಮಬ್ಬು ಹರಿಯುತ್ತಿರುವಾಗ, ಮರಕ್ಕಾಗಿ ಬಂದವರ ಸಾಲು ಬಣ್ಣಗಾರರ ಕೇರಿಯವರೆಗೆ ಬೆಳೆದಿತ್ತು. ಸಾಲಿನ ಮುಂದೆ ಬೊಮ್ಮವ್ವ ಇದ್ದಳು. ಅಣ್ಣನ ಮನೆಗೆ, ಅವನ ಹೆಂಡತಿ ಮಕ್ಕಳಿಗೆ, ಒಂದು ಸೂರು ಎಬ್ಬಿಸಬೇಕಾಗಿತ್ತು. ಅಷ್ಟರಲ್ಲಿ ಬೆಟ್ಟದ ಮೇಲೆ ಮಂಗಳಾರತಿಯ ಗಂಟೆ ಮೊಳಗಿತು. ಸಾಲಿನಲ್ಲಿದ್ದವರೆಲ್ಲ ಮೇಲೆ ನೋಡಿ ಕೈಮುಗಿದರು. ದೇಮರಸಯ್ಯನ ಕಾಲು, ವರ್ಷಗಳ ರೂಢಿಯಿಂದ, ಬೆಟ್ಟದ ದಾರಿಯ ಕಡೆ ಒಂದು ಹೆಜ್ಜೆ ಇಟ್ಟು ನಿಂತಿತು.

ಬೊಮ್ಮವ್ವ ಅದನ್ನು ನೋಡಿದಳು. ಆ ದಿನದ ಮೇಲೆ ಅವಳು ಅವನೊಡನೆ ನೆಟ್ಟಗೆ ಮಾತನಾಡಿರಲಿಲ್ಲ.

“ಅಯ್ಯನೋರೇ,” ಎಂದಳು, “ಆರ್ತಿ ಆಗ್ತೈತೆ. ಹಂಗೇ ಕಣ್ಮುಚ್ಚಿ ಒಂದ್ಗಳಿಗೆ ನಿಂತ್ಕಳ್ಳಿ. ನಾವು ಕಾಯ್ತೀವಿ.”

ದೇಮರಸಯ್ಯ ಉತ್ತರೀಯದ ಸೆರಗಿನಿಂದ ಮುಖ ಒರೆಸಿಕೊಂಡು, ಬಾಗಿ, ರಾಶಿಯಲ್ಲಿ ಎಲ್ಲಕ್ಕಿಂತ ನೆಟ್ಟಗಿದ್ದ ತೊಲೆಯೊಂದರ ತುದಿ ಹಿಡಿದ.

“ಬೇಡ, ತಾಯಿ,” ಎಂದ. “ನಿಮ್ಮನ್ನು ಕಾಯಿಸಿದ್ದು ಸಾಕು. ಆ ಕಡೆ ಹಿಡಿ.”